ಟೈಮರ್‌ಗಿಂತ ಮೊದಲು

"ಟ್ರೇ ತೆಗಿ ರಂಜನಿ, ಬಿಸ್ಕತ್ತು ಬೆಂದೈತೆ," ಎಂದ ಸಿದ್ದೇಶ್ವರ. ಮನೆಯ ಓವನ್‌ಗೆ ಬೆನ್ನು ಹಾಕಿ ಕೂತು, ಲಟ್ಟಿಸಿದ ಸಿಹಿ ಹಿಟ್ಟನ್ನು ಲೋಟದ ಬಾಯಿಂದ ದುಂಡಗೆ ಕತ್ತರಿಸುತ್ತಿದ್ದ.

"ಇನ್ನೂ ಎರಡು ನಿಮಿಷ ಐತೆ ಕಣ್ರೀ," ಎಂದಳು ಶಿವರಂಜನಿ ಟೈಮರ್ ನೋಡಿ.

"ಅದು ಅತ್ಲಾಗಿರ್ಲಿ. ಸೀದೋಗ್ತೈತೆ, ತೆಗಿ."

ಗೊಣಗುತ್ತಲೇ ಬಾಗಿಲು ತೆರೆದಳು. ಬಿಸ್ಕತ್ತುಗಳ ಅಂಚು ಹದವಾಗಿ ಕೆಂಪಗಾಗಿತ್ತು. ಟ್ರೇ ಹಿಡಿದವಳು ಹಾಗೇ ನಿಂತುಬಿಟ್ಟಳು. ಹೊಳೆನರಸೀಪುರದ ತನ್ನ ಬೇಕರಿಯಲ್ಲಿ ಹದಿನೆಂಟು ವರ್ಷ ಮೂಗಿನಿಂದಲೇ ಹದ ತಿಳಿಯುತ್ತಿದ್ದ ಗಂಡನಿಗೆ, ಜ್ವರ ಬಂದು ಹೋದ ಮೇಲೆ ನಾಲ್ಕು ತಿಂಗಳಿಂದ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಎರಡು ಸಲ ಬ್ರೆಡ್ಡು ಸೀದ ಮೇಲೆ ಅವನು ಬೇಕರಿಯ ಬಾಗಿಲನ್ನೇ ಹಾಕಿದ್ದ.

"ನಿಮಗೆ ಎಂಗೆ ಗೊತ್ತಾಯ್ತು?" ಎಂದಳು.

ಲೋಟ ಒತ್ತುತ್ತಿದ್ದ ಅವನ ಕೈ ನಿಂತಿತು. ಎದ್ದು ಬಂದು, ಸುಡುವ ಬಿಸ್ಕತ್ತೊಂದನ್ನು ಮುರಿದು ಮೂಗಿಗೆ ಹಿಡಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದುಕೊಂಡ.

"ಏಲಕ್ಕಿ ಜಾಸ್ತಿ ಆಕ್ಬುಟ್ಟಿದ್ದೀಯ ಕಣೇ," ಎಂದ.

ತನ್ನ ಕೈರುಚಿಗೆ ತಪ್ಪು ಹೇಳಿದರೆ ಸಿಡುಕುತ್ತಿದ್ದ ಶಿವರಂಜನಿ, ಮಸಿಬಟ್ಟೆಯನ್ನೇ ಕಣ್ಣಿಗೊತ್ತಿಕೊಂಡು ನಕ್ಕಳು.

"ಊಂ ಕಣ್ರೀ, ಜಾಸ್ತಿನೇ ಆಗೋಗೈತೆ."