ಸಮುದ್ರ ನುಂಗಿದ ಅಪ್ಪ

"ಆ ಹಾಡು ಗ್ಯಾವಿನ್ ಅವರ ಅಪ್ಪನ ಮೇಲಂತೆ. ಸಮುದ್ರದಲ್ಲಿ ಮುಳುಗಿ ಹೋದ್ರಂತೆ, ಪಾಪ," ಎಂದು ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದುದು ಗ್ಯಾವಿನ್‌ನ ಅಪ್ಪ ಕ್ಲಿಫರ್ಡ್‌ಗೇ. ಕಾರ್ಯಕ್ರಮ ಮುಗಿಸಿ ವೇದಿಕೆಯ ಮೇಲೆ ಗಿಟಾರಿನ ವೈರು ಸುತ್ತುತ್ತಿದ್ದ ಗ್ಯಾವಿನ್‌ನ ಕೈ ಅಲ್ಲೇ ನಿಂತಿತು.

ಅವನ ರಾಕ್ ತಂಡದ ಹೆಸರು ಹಲ್ ಎಂಬ ಬಂದರು ಪಟ್ಟಣ ದಾಟಿ ಲಂಡನ್ನಿನವರೆಗೆ ಹೋಗಿದ್ದೇ ಆ ಹಾಡಿನಿಂದ. ಮಾತು ಕಡಿಮೆ, ನಿಧಾನಕ್ಕೆ ಅಲೆಯಂತೆ ಏರುವ ಗಿಟಾರು. ಕಣ್ಣು ಮುಚ್ಚಿ ಕೇಳಿದರೆ ಸಿನಿಮಾ ನೋಡಿದಂತಾಗುತ್ತಿತ್ತು. ಇದು ಎಲ್ಲಿಂದ ಹುಟ್ಟಿತೆಂದು ಪತ್ರಕರ್ತನೊಬ್ಬ ಕೇಳಿದಾಗ, ಮೀನು ಕೊಯ್ಯುವ ಕಾರ್ಖಾನೆಯಿಂದ ನಿವೃತ್ತನಾಗಿ ಚಹಾ ಕುಡಿಯುತ್ತ ಮನೆಯಲ್ಲಿ ಕೂತಿದ್ದ ಅಪ್ಪ ಗ್ಯಾವಿನ್‌ಗೆ ತೀರ ಸಪ್ಪೆಯೆನಿಸಿದ್ದ. ಉತ್ತರದಲ್ಲಿ ಅವನನ್ನು ಬೆಸ್ತನನ್ನಾಗಿ ಮಾಡಿ ಬಿರುಗಾಳಿಯಲ್ಲಿ ಮುಳುಗಿಸಿಬಿಟ್ಟ. ಅಪ್ಪ ಸಂಗೀತದ ಪತ್ರಿಕೆಗಳನ್ನು ಓದುವವನಲ್ಲವೆಂಬ ಧೈರ್ಯವಿತ್ತು. ಇವತ್ತು ಹಲ್‌ನಲ್ಲೇ ಕಾರ್ಯಕ್ರಮವೆಂದು ತಿಳಿದು, ಸಾಮಾನು ಹೊರಲು ಅಪ್ಪ ತಾನಾಗಿಯೇ ಬಂದಿದ್ದ.

"ನಿಮಗೆ ಅವರ ಪರಿಚಯ ಇತ್ತಾ?" ಆಕೆ ಕೇಳಿದಳು.

ಕ್ಲಿಫರ್ಡ್ ತಲೆಯೆತ್ತಿ ಮಗನನ್ನು ನೋಡಿದ. ಇವರೇ ನಮ್ಮಪ್ಪ ಎಂದು ಗ್ಯಾವಿನ್ ಅಂದಿದ್ದರೆ ಸಾಕಿತ್ತು. ಅವನು ಕಣ್ಣು ತಪ್ಪಿಸಿ ಮತ್ತೆ ವೈರು ಸುತ್ತತೊಡಗಿದ. ಆಕೆಯ ಹಿಂದೆ ಇನ್ನೂ ಹತ್ತಾರು ಜನ ಹಸ್ತಾಕ್ಷರಕ್ಕೆಂದು ನಿಂತಿದ್ದರು.

"ಚೆನ್ನಾಗೇ ಪರಿಚಯ ಇತ್ತಮ್ಮ," ಎಂದ ಕ್ಲಿಫರ್ಡ್, ಟೋಪಿ ತೆಗೆದು ಕೈಯಲ್ಲಿ ಹಿಡಿದು. "ಜಾಸ್ತಿ ಮಾತಾಡ್ತಿರಲಿಲ್ಲ. ಮಗ ಅಂದ್ರೆ ಮಾತ್ರ ಪ್ರಾಣ."

ಆಮೇಲೆ ಬಗ್ಗಿ, ಭಾರದ ಸ್ಪೀಕರ್ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. "ಇದನ್ನ ವ್ಯಾನಿಗೆ ಹಾಕ್ಲಾ, ಸಾರ್?"

ಗ್ಯಾವಿನ್‌ನ ಕಿವಿ ಕಾದು ಕೆಂಪಾಯಿತು. ಎಲ್ಲರೂ ನೋಡುತ್ತಿದ್ದರು.

"ಹೂಂ, ಹಾಕಿ," ಎಂದ.