ಕಚ್ಚಿದ್ದು ಸತ್ತರೆ

ಐದನೆಯ ಏಟಿಗೆ ನಾಯಿಯ ತಲೆ ಒಡೆದು ಅಂಗಳದ ರಂಗೋಲಿಯೆಲ್ಲ ಕೆಂಪಾಯಿತು. ಮಾರೇಗೌಡ ಒನಕೆಯನ್ನು ಗೋಡೆಗೆ ಒರಗಿಸಿದ.

"ಕಚ್ಚಿದ್ದು ಸತ್ತರೆ ಅದರ ವಿಷವೂ ಸತ್ತಂಗೆ. ಮಗಳಿಗೆ ಯಾವ ಸೂಜಿಯೂ ಬೇಡ."

ಪುಟ್ಟತಾಯಿಯ ಕಂಕುಳಲ್ಲಿದ್ದ ಮಗಳ ಕಾಲಿನಿಂದ ಇನ್ನೂ ರಕ್ತ ತೊಟ್ಟಿಕ್ಕುತ್ತಿತ್ತು. ಅವಳು ಗಂಡನಿಗೆ ಎದುರಾಡಲಾರದೆ, ಕೂಗು ಕೇಳಿ ಓಡಿಬಂದಿದ್ದ ನರ್ಸಮ್ಮನ ಮುಖ ನೋಡಿದಳು.

"ವಿಷ ಅಲ್ಲ ಗೌಡ್ರೇ, ಹುಚ್ಚುನಾಯಿ ರೋಗದ ವೈರಸ್ಸು," ಎಂದರು ನರ್ಸಮ್ಮ. "ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರೂ ಇಲ್ಲ. ಒಂಟಿಯಾಗಿದ್ದರೆ ಸತ್ತ ಹಾಗೇ. ನರದ ಕಣದೊಳಗೆ ಹೊಕ್ಕಿತೋ, ಯಜಮಾನನ ಥರ ಕೂತು, ನನ್ನಂಥವನ್ನೇ ಮಾಡಿಕೊಡು ಅಂತ ಆ ಕಣವನ್ನೇ ದುಡಿಸುತ್ತೆ. ಕಣದಿಂದ ಕಣಕ್ಕೆ ದಾಟಿ ಮೆಲ್ಲಗೆ ತಲೆ ಸೇರುತ್ತೆ. ಅಷ್ಟರೊಳಗೆ ಸೂಜಿ ಬಿದ್ದರೆ ಮಗು ಉಳಿಯುತ್ತೆ."

"ಅಡುಗೂಲಜ್ಜಿ ಕಥೆ!" ಮಾರೇಗೌಡ ನಕ್ಕ. "ಎರಡು ತಿಂಗಳ ಹಿಂದೆ ನನಗೂ ಒಂದು ನಾಯಿಮರಿ ಕಚ್ಚಿತ್ತು. ಅಲ್ಲೇ ಬಂಡೆಗೆ ಅಪ್ಪಳಿಸಿ ಕೊಂದೆ. ನೋಡಿ, ಗುಂಡುಕಲ್ಲಿನಂಗಿದೀನಿ."

ನರ್ಸಮ್ಮ ಅವನಿಂದ ಹಿಂದಕ್ಕೆ ಸರಿದರು. ಪುಟ್ಟತಾಯಿ ಮಗಳನ್ನು ಎದೆಗವುಚಿಕೊಂಡು ಬೀದಿಯ ಕಡೆ ಒಂದು ಹೆಜ್ಜೆ ಇಟ್ಟಳು.

"ಅಂಗಳ ದಾಟಿ ನೋಡು, ನಿನ್ನ ತಲೆಗೂ ಇದೇ ಒನಕೆ!" ಅವನು ಗುಡುಗಿದ. "ಕಿರುಚಿ ಕಿರುಚಿ ಗಂಟಲು ಒಣಗಿತು. ಹೋಗು, ನೀರು ತಾ."

ಅವಳು ಒಳಗಿನಿಂದ ಚೊಂಬು ತಂದು ಕೊಟ್ಟಳು. ತುಟಿಯ ಹತ್ತಿರ ಒಯ್ದವನ ಗಂಟಲು ಹಗ್ಗ ಬಿಗಿದಂತೆ ಸೆಟೆದುಕೊಂಡಿತು. ಚೊಂಬನ್ನು ಬಿಸಾಕಿ, ತನ್ನ ಕಾಲಿನತ್ತ ಹರಿದು ಬರುತ್ತಿದ್ದ ನೀರನ್ನು ಕಂಡು ಮಾರೇಗೌಡ ಚೀರುತ್ತ ಗೋಡೆ ಹತ್ತಲು ನೋಡಿದ.