ಬಾಹ್ಯಾಕಾಶದವಳ ಕುಬಸ

ನೌಕೆ ನಡುಬಾನಿನಲ್ಲಿ ಗಕ್ಕನೆ ನಿಂತಿತು. ಅದರ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅತನೂರಿನಲ್ಲಿ ಗುರುಬಾಯಿ ರಿಮೋಟು ಒತ್ತಿದ್ದಳು.

"ಈ ಹುಡುಗಿಗಿ ಎಷ್ಟು ತಿಂಗಳ್ರಿ?" ಎಂದು ಗಂಡನನ್ನು ಕೇಳಿದಳು.

ಟಿವಿಯ ಕಪ್ಪು-ಬಿಳುಪು ಚಿತ್ರದಲ್ಲಿ ನೌಕೆ ನಡೆಸುವ ಹೆಣ್ಣುಮಗಳು ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ಸಣ್ಣಗಾಗುತ್ತಿದ್ದ ಭೂಮಿಯನ್ನು ನೋಡುತ್ತ ನಿಂತಿದ್ದಳು. ಸಿದ್ದಲಿಂಗ ಮಾಸ್ತರರ ಮೈ ಉರಿಯಿತು. ನಲವತ್ತು ವರ್ಷದ ಹಿಂದೆ ಕಲಬುರಗಿಯ ಹಾಸ್ಟೆಲಿನಲ್ಲಿ ಇದನ್ನು ನೋಡುವಾಗ, ಸರಿಯಾಗಿ ಇದೇ ಗಳಿಗೆಗೆ ಕರೆಂಟು ಹೋಗಿತ್ತು. ಎಪ್ಪತ್ತು ಕಂತುಗಳ ಆ ಹಳೇ ವಿದೇಶಿ ಧಾರಾವಾಹಿಯಲ್ಲಿ ಉಳಿದದ್ದೆಲ್ಲ ರಟ್ಟಿನ ಬಂಡೆ, ರಬ್ಬರಿನ ರಾಕ್ಷಸ. ಇದೊಂದು ಕಂತು ಮಾತ್ರ ನೋಡುವವರನ್ನು ಉಸಿರು ಹಿಡಿದು ಕೂಡಿಸುವಂಥದ್ದು. ಕಡೆಗೆ ನೌಕೆ ಭೂಮಿಗೆ ಮರಳಿತೋ, ಕತ್ತಲಲ್ಲಿ ಕರಗಿತೋ? ಮರಳಿತು ಎಂದು ಹಾಸ್ಟೆಲಿನ ಗೆಳೆಯ ದತ್ತಪ್ಪನ ವಾದ. ಇಂಧನ ಸಾಲುವುದಿಲ್ಲ, ಸಾಧ್ಯವೇ ಇಲ್ಲ ಎಂದು ಮಾಸ್ತರರ ವಾದ. ಈ ಜಗಳ ಇಬ್ಬರ ಮದುವೆಯಲ್ಲೂ ಆಗಿತ್ತು, ಮಕ್ಕಳ ಮದುವೆಯಲ್ಲೂ ಆಗಿತ್ತು; ದತ್ತಪ್ಪನ ತಂದೆಯನ್ನು ಮಣ್ಣು ಮಾಡಿ ಬರುವಾಗ ದಾರಿಯಲ್ಲಿ ಸಣ್ಣದೊಂದು ಸುತ್ತು ನಡೆದಿತ್ತು.

ಕಳೆದ ವಾರ ಯೂಟ್ಯೂಬಿನಲ್ಲಿ ಇಡೀ ಕಂತು ಸಿಕ್ಕಿತು. ಮಾಸ್ತರರು ಒಬ್ಬರೇ ನೋಡಲಿಲ್ಲ. ಗೆಲ್ಲುವಾಗ ಸೋಲುವವನು ಎದುರಿಗೇ ಇರಬೇಕು. ಫೋನು ಮಾಡಿದ ಮೇಲೆ ದತ್ತಪ್ಪ ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ ಬಂದು ಕುರ್ಚಿ ಹಿಡಿದಿದ್ದ.

"ಏಳು ಇರಬೇಕು. ಚಾಲೂ ಮಾಡು," ಅಂದರು ಮಾಸ್ತರರು.

"ಕುಬಸ ಆಗೇದೇನು?"

"ಆಕಿ ಬಾಹ್ಯಾಕಾಶದಾಗ ಅದಾಳ. ಅಲ್ಲಿ ಬಸುರಿಗಿ ಕುಬಸ ಮಾಡಾವ್ರು ಯಾರು ಬೇ?"

"ತವರಮನಿಯವ್ರು ಮಾಡ್ತಾರ. ಮತ್ಯಾರು ಮಾಡ್ತಾರ?"

"ಆಕಿಗಿ ತವರು ಎಲ್ಲದ?"

"ಹುಟ್ಟಿದ್ದು ಎಲ್ಲಿ?"

"ಭೂಮಿ ಮ್ಯಾಲೆ."

"ಮತ್ತ ನಾವು ಎಲ್ಲಿ ಅದೀವ್ರಿ?"

ಮೂವತ್ತು ವರ್ಷ ಅಫಜಲಪುರದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು ಬೇರೆ ದಾರಿ ಹಿಡಿದರು. "ಇದು ಅರವತ್ತು ವರ್ಷದ ಹಿಂದ ತೆಗದದ್ದು. ಆ ಕೂಸು ಹುಟ್ಟಿದ್ರ ಈಗ ನಿನಕಿಂತ ದೊಡ್ಡದಿರ್ತಿತ್ತು."

"ಅಂದ್ರ ಅರವತ್ತು ವರ್ಷದಿಂದ ಏಳು ತಿಂಗಳ ಹೊಟ್ಟಿ ಹೊತ್ಕೊಂಡು ನಿಂತಾಳ, ಯಾರಿಗೂ ಕನಿಕರ ಬಂದಿಲ್ಲ. ಎಂಟರಾಗ ಬಿದ್ರ ಮಾಡಾಕ ಬರಂಗಿಲ್ಲ. ಇವತ್ತೇ ಮಾಡಬೇಕು."

"ಲೇ ಸಿದ್ಯಾ, ಅಕ್ಕನ ಮಾತು ಬರೋಬ್ಬರಿ ಅದ," ಅಂದ ದತ್ತಪ್ಪ. ಸೀಮಂತದ ಕುಬಸವೆಂದರೆ ಹೋಳಿಗೆ ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ರಿಮೋಟು ಗುರುಬಾಯಿಯ ಸೊಂಟಕ್ಕೆ ಸೇರಿತು. ಪಕ್ಕದ ಮನೆಯ ಮಾಳಮ್ಮ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಅರಿಶಿನಕೊಂಬು ಹಿಡಿದು ಬಂದಳು. ಯಾರ ಕುಬಸ ಎಂದು ಕೇಳಿದವಳು ಟಿವಿ ನೋಡಿ, "ಪಾಪ, ಒಬ್ಬಾಕೀನೇ ಅದಾಳ," ಎಂದು ಹೋಳಿಗೆ ಲಟ್ಟಿಸಲು ಕೂತಳು. ಬಳೆ ಮಾರುವ ಖಾಸೀಂಬಿ ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಆ ಹೆಣ್ಣುಮಗಳ ಕೈಯನ್ನೇ ದಿಟ್ಟಿಸಿದಳು.

"ಜರಾ ಈಕಡಿ ತಿರುಗು ಅನ್ರಿ ಮಾಸ್ತರ್ರ, ಅಳತಿ ಸಿಗವಲ್ದು."

"ನಾ ಅಂದ್ರ ತಿರುಗ್ತಾಳೇನು?"

"ನಿಮ್ಮ ಮಾತು ಮನ್ಯಾಗ ಯಾರು ಕೇಳ್ತಾರ ಬಿಡ್ರಿ," ಎಂದು ಖಾಸೀಂಬಿ ತಾನೇ ತೀರ್ಮಾನಿಸಿದಳು. "ಎರಡು-ಆರು ಆಗ್ತಾವ. ಬಸುರಾಗ ಕೈ ಬಾತಿರ್ತಾವ, ಎರಡು-ಎಂಟೇ ಇರ್ಲಿ."

ಡಜನ್ ಹಸಿರು ಬಳೆ ಟಿವಿಯ ಮುಂದೆ ಕೂತವು. ಹಸಿರು ಕುಪ್ಪಸದ ಖಣ ಟಿವಿಯ ಹೆಗಲೇರಿತು. ಆರತಿಯಾಯಿತು, ಹಾಡಾಯಿತು. ಹೋಳಿಗೆಯೂ ಆಯಿತು, ದತ್ತಪ್ಪನಿಗೆ ನಾಲ್ಕು. ಆಮೇಲೆ ಗುರುಬಾಯಿ ರಿಮೋಟನ್ನು ಗಂಡನ ಕೈಗಿಟ್ಟಳು.

"ಈಗ ಒತ್ರಿ. ಕುಬಸ ಆದಮ್ಯಾಲ ತವರಿಗಿ ಬರೂದೇ ವಾಡಿಕಿ. ಬಂದೇ ಬರ್ತಾಳ."

ಅಷ್ಟು ಹೇಳಿ ಹೆಂಗಸರು ನಡುಮನೆಯೊಳಗೆ ಹೋದರು. ತೊಗರಿ ಚೀಲ ಬದಿಗೆಳೆಯುವ ಸದ್ದು, ಬಾಣಂತಿಗೆಂದು ಹೊರಸುಮಂಚ ಹಾಕುವ ಸದ್ದು, ಗಾಳಿ ಬರುವ ಕಡೆ ತಲೆ ಇರಬಾರದು ಎಂಬ ಚರ್ಚೆ ಎಲ್ಲವೂ ಪಡಸಾಲೆಗೆ ಕೇಳುತ್ತಿತ್ತು.

ಮಾಸ್ತರರ ಹೆಬ್ಬೆರಳು ಗುಂಡಿಯ ಮೇಲಿತ್ತು. ಅದು ಅಲ್ಲೇ ಉಳಿಯಿತು.

"ಒತ್ತೋ. ನಲವತ್ತು ವರ್ಷ ಆತು," ಅಂದ ದತ್ತಪ್ಪ.

"ನಾ ಅಂದಿದ್ದೇ ಖರೆ ಆದ್ರ?"

ದತ್ತಪ್ಪ ಒಳಗಿನ ಸದ್ದಿಗೆ ಕಿವಿ ಕೊಟ್ಟ. ಹೊರಸಿನ ಒಂದು ಕಾಲು ಕುಂಟುತ್ತದೆಂದು ಖಾಸೀಂಬಿ ಅದಕ್ಕೆ ಒತ್ತು ಕೊಡಲು ಹಂಚಿನ ಚೂರು ಕೇಳುತ್ತಿದ್ದಳು. ಅವನು ಗೆಳೆಯನ ಮುಖ ನೋಡಿದ. ಕುರ್ಚಿಯನ್ನು ಅವನತ್ತ ಎಳೆದುಕೊಂಡ.

ಮಾಸ್ತರರು ರಿಮೋಟನ್ನು ಗೋಡೆಯ ಮಾಡದಲ್ಲಿಟ್ಟರು. ಯಾರದೋ ಲಗ್ನಪತ್ರಿಕೆಯನ್ನು ಮಗುಚಿ, ಪೆನ್ಸಿಲು ಹುಡುಕಿ ಕೂತರು. ಇಂಧನ ಸಾಲುವುದಿಲ್ಲವೆಂದು ನಲವತ್ತು ವರ್ಷ ಸಾಧಿಸಿದ ಮನುಷ್ಯ, ಅದನ್ನು ಎಲ್ಲೆಲ್ಲಿ ಉಳಿಸಬಹುದೆಂದು ಮೊದಲ ಸಲ ಹುಡುಕತೊಡಗಿದರು. ಚಂದ್ರನನ್ನೊಂದು ಸುತ್ತು ಹಾಕಿ ಅದರ ಸೆಳೆತ ಬಳಸಿಕೊಂಡರೆ ಒಂದಿಷ್ಟು. ಬೇಡದ ಸಾಮಾನೆಲ್ಲ ಹೊರಗೆ ಬಿಟ್ಟರೆ ಇನ್ನೊಂದಿಷ್ಟು. ಆದರೂ ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು.

"ದತ್ತ್ಯಾ, ಆಕಿ ತೂಕ ಎಷ್ಟು ಹಿಡೀಲಿ?"

"ಒಂದು ಐವತ್ತೈದು ಕಿಲೋ ಹಿಡಿ."

ನಡುಮನೆಯಿಂದ ಗುರುಬಾಯಿಯ ದನಿ ಬಂತು. "ಇಬ್ಬರದೂ ಹಿಡೀರಿ."